ನೆಲಾನೇ ಡೊಂಕಿದೆ

ಹಾಸ್ಟೆಲ್‌ನಲ್ಲಿ ಎರಡು ವಿಷಯಕ್ಕೆ ಜಗಳ ಮುಗಿಯೋದೇ ಇಲ್ಲ. ಒಂದು ಕ್ರಿಕೆಟ್, ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಕ್ರಿಕೆಟ್ ಜಗಳಕ್ಕಾದ್ರೂ ಕೊನೆಗೆ ಸ್ಕೋರ್‌ಬೋರ್ಡ್ ಇರುತ್ತೆ. ಓಎಸ್ ಜಗಳಕ್ಕೆ ಅದೂ ಇಲ್ಲ. ವಿಂಡೋಸ್‌ನವರು "ನಿಮ್ದರಲ್ಲಿ ಗೇಮ್ ಓಡುತ್ತಾ?" ಅಂತಾರೆ. ಮ್ಯಾಕ್‌ನವರು "ನಿಮ್ದು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?" ಅಂತಾರೆ. ಲಿನಕ್ಸ್‌ನವರು "ಸರ್ವರ್‌ಗಳೆಲ್ಲ ಯಾವುದರ ಮೇಲೆ ಓಡ್ತಿವೆ ಗೊತ್ತಾ?" ಅಂತ ಕೇಳಿ ಎದ್ದು ಹೋಗ್ತಾರೆ.

ಗಮನಿಸಿ, ಈ ಮೂರೂ ಪ್ರಶ್ನೆ ಮಷೀನಿನ ಬಗ್ಗೆ. ಅದರ ಮುಂದೆ ಕೂತಿರೋರ ಬಗ್ಗೆ ಒಂದು ಪ್ರಶ್ನೆನೂ ಇಲ್ಲ. ಆದ್ರೆ ನಮ್ಮ ಲ್ಯಾಬ್‌ನಲ್ಲಿ ದಿನಾ ನಡೆಯೋದು ಬೇರೇನೇ. ಸೇವ್ ಮಾಡಿದ ಫೈಲ್ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ, ನಿನ್ನೆ ಇದ್ದ ಸೆಟ್ಟಿಂಗ್ ಇವತ್ತು ಸಿಗಲ್ಲ, ಪ್ರಾಜೆಕ್ಟರ್‌ಗೆ ಹಾಕಿದ್ರೆ ಪರದೆ ಬರಲ್ಲ. ಆಗ ಹತ್ರಲ್ಲಿ ಎಂಟು ಜನ ಹೇಳೋ ಮಾತು ಒಂದೇ: "ನಂಗೆ ಕಂಪ್ಯೂಟರ್ ಅಷ್ಟು ಬರಲ್ಲ." ಪಕ್ಕದಲ್ಲಿರೋ ನಾವು ಅದನ್ನ ಒಪ್ಕೊಂಡು ಬಿಡ್ತೀವಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ ಅನ್ನೋ ಗಾದೆ ನಮ್ಗೆಲ್ಲ ಬಾಯಿಪಾಠ. ಆದ್ರೆ ನೆಲ ನಿಜಕ್ಕೂ ಡೊಂಕಾಗಿದ್ರೆ? ಒಂದ್ಸಲ ಬಗ್ಗಿ ನೋಡೋಣ ಅನ್ನೋದಷ್ಟೇ ಈ ಬರಹ.

ವಿಂಡೋಸ್: ಸಾಮಾನು ಜಾಗ ಬದಲಿಸ್ತಾನೇ ಇರೋ ಮನೆ

ನಮ್ಮಲ್ಲಿ ಹೆಚ್ಚಿನವರು ಕಂಪ್ಯೂಟರ್ ಅಂತ ಮೊದಲು ಮುಟ್ಟಿದ್ದೇ ವಿಂಡೋಸ್. ಸ್ಕೂಲ್ ಲ್ಯಾಬಲ್ಲೂ ಅದೇ, ಸೈಬರ್ ಸೆಂಟರ್‌ನಲ್ಲೂ ಅದೇ. ಹಾಗಾಗಿ ಅದು ಸುಲಭ ಅಂತ ಅನ್ಸುತ್ತೆ. ನಿಜ ಹೇಳಬೇಕಂದ್ರೆ ಅದು ಸುಲಭ ಅಲ್ಲ, ಅಭ್ಯಾಸ. ಆ ಅಭ್ಯಾಸವನ್ನೂ ಅದು ಇರೋಕೆ ಬಿಡಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ನನ್ನೇ ತೆಗೆದುಬಿಟ್ರು. ಜನ ಬೈದ ಮೇಲೆ 2013ರಲ್ಲಿ 8.1ರ ಜೊತೆ ಬಟನ್ ವಾಪಸ್ ಬಂತು, 2015ರಲ್ಲಿ ವಿಂಡೋಸ್ 10ರ ಜೊತೆ ಮೆನು ವಾಪಸ್ ಬಂತು. 2021ರಲ್ಲಿ ವಿಂಡೋಸ್ 11 ಬಂದಾಗ ಅದೇ ಬಟನ್ ಎಡಮೂಲೆಯಿಂದ ಎದ್ದು ಮಧ್ಯಕ್ಕೆ ಬಂದು ಕೂತಿತ್ತು. ಅಲ್ಲಿವರೆಗೆ ಟಾಸ್ಕ್‌ಬಾರನ್ನ ಎಳೆದು ಪರದೆಯ ಮೇಲಕ್ಕೋ ಪಕ್ಕಕ್ಕೋ ಇಟ್ಕೋಬಹುದಿತ್ತು, 11 ಬಂದಾಗ ಆ ಸೌಲಭ್ಯಾನೂ ಹೋಗಿತ್ತು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಒಂದು ಚಿಕ್ಕ ಮೆನು. ನಮ್ಗೆ ಬೇಕಾದ್ದು ಅದರಲ್ಲಿ ಇಲ್ಲದಿದ್ರೆ ಕೆಳಗಡೆ "ಇನ್ನಷ್ಟು ಆಯ್ಕೆ ತೋರಿಸು" ಅಂತ ಒತ್ತಬೇಕು. ಆಗ ಹಳೇ ಮೆನು ಎದ್ದು ಬರುತ್ತೆ! ಅಂದ್ರೆ ಹಳೇದನ್ನ ತೆಗೆದಿಲ್ಲ, ಅದರ ಮುಂದೆ ಒಂದು ಪರದೆ ಕಟ್ಟಿದ್ದಾರೆ ಅಷ್ಟೇ.

ಸೆಟ್ಟಿಂಗ್ಸ್ ಮತ್ತು ಕಂಟ್ರೋಲ್ ಪ್ಯಾನೆಲ್ ಕಥೆನೂ ಇದೇ. ಸೆಟ್ಟಿಂಗ್ಸ್ ಅನ್ನೋ ಹೊಸ ಜಾಗ ವಿಂಡೋಸ್ 8ರ ಕಾಲದಿಂದ ಇದೆ, ಹಳೇ ಕಂಟ್ರೋಲ್ ಪ್ಯಾನೆಲ್ ಇನ್ನೂ ಹೋಗಿಲ್ಲ. ಸೌಂಡ್ ಸೆಟ್ಟಿಂಗ್ ಹುಡುಕ್ಕೊಂಡು ಹೊಸ ಕಿಟಕಿಯಲ್ಲಿ ಹೊರಟವರು ಮೂರು ಕ್ಲಿಕ್ ಆದ್ಮೇಲೆ ವಿಂಡೋಸ್ 7ರ ಕಾಲದ ಚಿಕ್ಕ ಡಬ್ಬಿಯಲ್ಲಿ ತೇಲ್ತಾರೆ.

ಇದಕ್ಕೆ ಕಾರಣ ಇಲ್ಲ ಅಂತಲ್ಲ. ಇಪ್ಪತ್ತು ವರ್ಷ ಹಿಂದಿನ ಬಿಲ್ಲಿಂಗ್ ಸಾಫ್ಟ್‌ವೇರೂ ಓಡಬೇಕು, ಹಳೇ ಪ್ರಿಂಟರೂ ಓಡಬೇಕು ಅನ್ನೋ ಹಠ ವಿಂಡೋಸ್‌ಗಿದೆ. ಅದು ದೊಡ್ಡ ಗುಣ. ಆದ್ರೆ ಯಾವುದನ್ನೂ ಬಿಸಾಡದೆ ಹೊಸದನ್ನ ಮೇಲೆ ಮೇಲೆ ಪೇರಿಸಿದ್ರೆ ಅಟ್ಟ ಹೇಗಿರುತ್ತೋ ಹಾಗಾಗಿದೆ.

ಇದಕ್ಕಿಂತ ಭಾರಿ ವಿಷಯ ಒಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗೀತು. ಸ್ವಲ್ಪ ಕಾಲ ಭದ್ರತಾ ಅಪ್‌ಡೇಟ್ ಮುಂದುವರಿಸೋಕೆ ಬೇರೆ ದಾರಿ ಇಟ್ಟಿದ್ದಾರೆ, ಆದ್ರೆ ಅದು ತಾತ್ಕಾಲಿಕ. 11ಕ್ಕೆ ಹೋಗಬೇಕಂದ್ರೆ ಮಷೀನಿನಲ್ಲಿ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದ್ರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಭದ್ರತೆಗೆ ಅದು ಬೇಕು ಅನ್ನೋ ವಾದದಲ್ಲಿ ಹುರುಳಿದೆ, ಒಪ್ತೀವಿ. ಆದ್ರೆ ನಮ್ಮ ಕ್ಲಾಸಲ್ಲಿ ಅಣ್ಣನೋ ಅಕ್ಕನೋ ಓದಿ ಬಿಟ್ಟ ಲ್ಯಾಪ್‌ಟಾಪ್ ಇಟ್ಕೊಂಡಿರೋರು ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ಸಿ ಪ್ರೋಗ್ರಾಂ ಆರಾಮಾಗಿ ಕಂಪೈಲ್ ಆಗುತ್ತೆ. ಆದ್ರೂ ಅದು "ಹಳೇದು". ಹೊಸದಕ್ಕೆ ದುಡ್ಡು ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಮಾತ್ರ ಮನೆಯವರ ತಲೆ ಮೇಲೆ. ಬಳಸೋಕೆ ಸುಲಭಾನಾ ಅಂತ ಕೇಳುವಾಗ ಎಷ್ಟು ವರ್ಷ ಬಳಸೋಕೆ ಬಿಡ್ತಾರೆ ಅನ್ನೋದನ್ನೂ ಸೇರಿಸಬೇಕು.

ಮ್ಯಾಕ್: ತನ್ನ ಮೂಗಿನ ನೇರಕ್ಕೆ

ಮ್ಯಾಕ್ ಇಟ್ಕೊಂಡಿರೋರು ನಮ್ಮಲ್ಲಿ ಕಡಿಮೆ. ಆದ್ರೆ ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಒಂದಾದ್ರೂ ಇರುತ್ತೆ. ಮೊದಲ ಸಲ ಅದನ್ನ ಕೈಗೆ ತಗೊಂಡವರು ಕೆಂಪು ಬಟನ್ ಒತ್ತಿ ಕಿಟಕಿ ಮುಚ್ಚುತ್ತಾರೆ. ಕಿಟಕಿ ಹೋಗುತ್ತೆ, ಆದ್ರೆ ತುಂಬ ಆ್ಯಪ್‌ಗಳು ಹಿಂದೆ ಓಡ್ತಾನೇ ಇರ್ತವೆ. ಫೈಲನ್ನ ಕಟ್ ಮಾಡಿ ಬೇರೆ ಫೋಲ್ಡರ್‌ಗೆ ಹಾಕೋಣ ಅಂದ್ರೆ ಫೈಂಡರ್‌ನಲ್ಲಿ ಕಮಾಂಡ್-ಎಕ್ಸ್ ಕೆಲಸ ಮಾಡಲ್ಲ. ಮೊದಲು ಕಾಪಿ ಮಾಡಿ, ಹಾಕುವಾಗ ಆಪ್ಷನ್ ಕೀ ಸೇರಿಸಿ ಒತ್ತಬೇಕು. ಅದನ್ನ ಯಾರಾದ್ರೂ ಹೇಳಿಕೊಡದೆ ತಾನಾಗೇ ಕಂಡುಹಿಡಿಯೋಕೆ ಆಗುತ್ತಾ?

ಪೆನ್‌ಡ್ರೈವ್ ಹೊರಗೆ ತೆಗೆಯೋಕೆ ಇರೋ ದಾರಿಗಳಲ್ಲಿ ಒಂದು, ಅದರ ಚಿತ್ರವನ್ನ ಎಳ್ಕೊಂಡು ಹೋಗಿ ಕಸದ ಬುಟ್ಟಿಗೆ ಹಾಕೋದು. ಫ್ಲಾಪಿ ಕಾಲದಿಂದ ಬಂದ ಪದ್ಧತಿ ಇದು. ಒಳಗಿರೋ ಅಸೈನ್‌ಮೆಂಟ್ ಎಲ್ಲ ಅಳಿಸಿ ಹೋಗುತ್ತೇನೋ ಅಂತ ಹೊಸಬರ ಎದೆ ಡವಗುಟ್ಟುತ್ತೆ. ಎನ್‌ಟಿಎಫ್‌ಎಸ್ ಮಾಡಿರೋ ಹಾರ್ಡ್‌ಡಿಸ್ಕ್ ಹಾಕಿದ್ರೆ ಓದೋಕೆ ಬಿಡುತ್ತೆ, ಬೇರೆ ಸಾಫ್ಟ್‌ವೇರ್ ಇಲ್ಲದೆ ಬರೆಯೋಕೆ ಬಿಡಲ್ಲ. ಅಷ್ಟೊಂದು ಬೆಲೆಯ ಮಷೀನು ಪಕ್ಕದವರ ಡಿಸ್ಕ್ ಮೇಲೆ ಒಂದಕ್ಷರ ಬರೆಯಲ್ಲ!

ಕಿಟಕಿಯನ್ನ ಪರದೆಯ ಅಂಚಿಗೆ ಎಳೆದ್ರೆ ಅರ್ಧ ಜಾಗಕ್ಕೆ ಅಂಟಿಕೊಳ್ಳೋದು ವಿಂಡೋಸ್ 7ರಲ್ಲಿ, ಅಂದ್ರೆ 2009ರಲ್ಲೇ ಇತ್ತು. ಮ್ಯಾಕ್‌ಗೆ ಹಾಗೆ ಎಳೆದು ಅಂಟಿಸೋದು ಬಂದಿದ್ದು 2024ರ ಸೆಕೋಯಾ ಆವೃತ್ತಿಯಲ್ಲಿ. ಹದಿನೈದು ವರ್ಷ! ಒಂದು ಕಡೆ ಪಿಡಿಎಫ್, ಇನ್ನೊಂದು ಕಡೆ ಕೋಡ್ ಇಟ್ಕೊಂಡು ಓದೋ ನಮ್ಮಂಥೋರಿಗೆ ಇದು ಚಿಕ್ಕ ವಿಷಯ ಅಲ್ಲ.

ಹಾರ್ಡ್‌ವೇರೂ ಅವರದೇ, ಸಾಫ್ಟ್‌ವೇರೂ ಅವರದೇ ಆಗಿರೋದ್ರಿಂದ ಟಚ್‌ಪ್ಯಾಡ್ ಮೃದುವಾಗಿರುತ್ತೆ, ಮುಚ್ಚಿ ತೆರೆದ್ರೆ ತಕ್ಷಣ ಎದ್ದು ಕೂರುತ್ತೆ. ಅದು ನಿಜ. ಆದ್ರೆ ಎಲ್ಲಾ ಅವರದೇ ಆದಾಗ ತೀರ್ಮಾನಾನೂ ಅವರದೇ. ಅವರು ಯೋಚಿಸಿದ ಹಾಗೆ ನಾವೂ ಯೋಚಿಸಿದ್ರೆ ಸ್ವರ್ಗ, ಇಲ್ಲದಿದ್ರೆ ಹದಿನೈದು ವರ್ಷ ಕಾಯಬೇಕು.

ಲಿನಕ್ಸ್: ಬಿಟ್ಟಿ ಊಟ, ಅಡುಗೆ ನೀವೇ

ಈಗ ನಮ್ಮ ಕಾಲೇಜಿನ ವೀರರ ವಿಷಯಕ್ಕೆ ಬರೋಣ. ಮೊದಲು ಒಳ್ಳೇದು ಹೇಳಿಬಿಡ್ತೀವಿ. ಮೇಲೆ ಹೇಳಿದ ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಜೀವ ಕೊಡೋದು ಲಿನಕ್ಸೇ. ದುಡ್ಡು ಕೇಳಲ್ಲ, ಅಕೌಂಟ್ ಕೇಳಲ್ಲ. ಅದೇ ವಿಂಡೋಸ್ 11ರ ಹೋಮ್ ಆವೃತ್ತಿ ಹಾಕುವಾಗ ಇಂಟರ್ನೆಟ್ಟೂ ಬೇಕು, ಮೈಕ್ರೋಸಾಫ್ಟ್ ಅಕೌಂಟೂ ಬೇಕು ಅಂತ ಬಾಗಿಲಲ್ಲೇ ನಿಲ್ಲಿಸುತ್ತೆ.

ಆದ್ರೆ ಲಿನಕ್ಸ್ ಹಾಕಿದ ಮೊದಲ ದಿನ ನೆನಪಿಸ್ಕೊಳ್ಳಿ. ಟರ್ಮಿನಲ್ ತೆಗೆದು ಸುಡೊ ಅಂತ ಹೊಡೀತೀರಿ, ಪಾಸ್‌ವರ್ಡ್ ಕೇಳುತ್ತೆ. ಒತ್ತುತ್ತಾ ಹೋದ್ರೆ ಪರದೆ ಮೇಲೆ ಸಾಮಾನ್ಯವಾಗಿ ಏನೂ ಕಾಣಲ್ಲ, ಒಂದು ಚುಕ್ಕಿನೂ ಇಲ್ಲ. ಹೊಸಬರು ಕೀಬೋರ್ಡೇ ಹೋಯ್ತು ಅಂದ್ಕೊಳ್ತಾರೆ. ಪಾಸ್‌ವರ್ಡಿನ ಉದ್ದ ಯಾರಿಗೂ ಕಾಣಬಾರದು ಅನ್ನೋದು ಅದರ ಹಿಂದಿನ ಯೋಚನೆ. ಒಳ್ಳೇ ಯೋಚನೆನೇ. ಅದನ್ನ ಒಂದು ಸಾಲಲ್ಲಿ ಬರೆದು ತೋರಿಸೋಕೆ ಏನು ಕಷ್ಟ?

ಆ್ಯಪ್ ಹಾಕೋದು ಇನ್ನೊಂದು ಸಾಹಸ. ಉಬುಂಟುನಲ್ಲಿ ಒಂದೇ ಆ್ಯಪ್ ಡೆಬ್ ಆಗಿ ಸಿಗಬಹುದು, ಸ್ನ್ಯಾಪ್ ಆಗಿ ಸಿಗಬಹುದು, ಫ್ಲ್ಯಾಟ್‌ಪ್ಯಾಕ್ ಆಗಿ ಸಿಗಬಹುದು, ಆ್ಯಪ್‌ಇಮೇಜ್ ಆಗೂ ಸಿಗಬಹುದು. ಯಾವುದು ಹಾಕಬೇಕು ಅಂತ ಕೇಳಿದ್ರೆ ನಾಲ್ಕು ಜನ ಸೀನಿಯರ್ಸ್ ಐದು ಉತ್ತರ ಕೊಡ್ತಾರೆ. ಉಬುಂಟು 22.04 ಬಂದಾಗ ಹಳೇ ಆ್ಯಪ್‌ಇಮೇಜ್‌ಗಳಿಗೆ ಬೇಕಾದ ಲಿಬ್‌ಫ್ಯೂಸ್2 ಅನ್ನೋ ಲೈಬ್ರರಿ ಮೊದಲೇ ಇರ್ತಿರಲಿಲ್ಲ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಆಗ್ತಿರಲಿಲ್ಲ. ಎರರ್ ಬಂದ್ರೆ ಹುಡುಕಬಹುದು. ಏನೂ ಆಗದೇ ಇದ್ರೆ ಏನಂತ ಹುಡುಕೋದು?

ವಿಂಡೋಸ್‌ನವರು ಸಾಮಾನು ಜಾಗ ಬದಲಿಸ್ತಾರೆ ಅಂತ ನಗೋ ಲಿನಕ್ಸ್‌ನವರೂ ಅದೇ ಮಾಡಿದ್ದಾರೆ. ಉಬುಂಟು 2011ರಲ್ಲಿ ಯೂನಿಟಿ ಅನ್ನೋ ಹೊಸ ಡೆಸ್ಕ್‌ಟಾಪ್‌ಗೆ ಎಲ್ಲರನ್ನೂ ಕರ್ಕೊಂಡು ಹೋಯ್ತು, ಜನ ಒಗ್ಗಿಕೊಂಡ ಮೇಲೆ 2017ರಲ್ಲಿ ಅದನ್ನ ಬಿಟ್ಟು ಗ್ನೋಮ್‌ಗೆ ಬಂತು. ಇಲ್ಲಿ ಒಬ್ಬ ಯಜಮಾನ ಇಲ್ಲ, ಅದೇ ಅದರ ಚೆಲುವು. ಆದ್ರೆ ಯಜಮಾನ ಇಲ್ಲದ ಮನೇಲಿ "ಇದು ಯಾರ ಕೆಲಸ?" ಅಂತ ಕೇಳಿದ್ರೆ ಕೊನೆಗೆ ಬೆರಳು ತೋರಿಸೋದು ಬಳಸೋರ ಕಡೆಗೇ.

ಮೂರೂ ಒಂದೇ ರೂಮಲ್ಲಿ

ಒಂದೊಂದನ್ನ ಬೇರೆ ಬೇರೆ ಬಳಸಿದ್ರೆ ಹೇಗೋ ಒಗ್ಗಿ ಹೋಗುತ್ತೆ. ನಿಜವಾದ ಪಜೀತಿ ಇರೋದು ನಮ್ಮ ಥರ ಮನೇಲಿ ಒಂದು, ಲ್ಯಾಬಲ್ಲಿ ಒಂದು, ಟೀಮ್‌ಮೇಟ್ ಹತ್ರ ಇನ್ನೊಂದು ಇದ್ದಾಗ.

ಕಾಪಿ ಮಾಡೋದನ್ನೇ ತಗೊಳ್ಳಿ. ಕಟ್, ಕಾಪಿ, ಪೇಸ್ಟ್ ಅನ್ನೋ ಕಲ್ಪನೆ 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಜೊತೆಗಾರರು ರೂಪಿಸಿದ್ದು. ಇಷ್ಟು ವರ್ಷ ಆದ್ಮೇಲೂ ವಿಂಡೋಸ್‌ನಲ್ಲಿ ಕಂಟ್ರೋಲ್-ಸಿ, ಮ್ಯಾಕ್‌ನಲ್ಲಿ ಕಮಾಂಡ್-ಸಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿದ್ರೆ ಕಾಪಿ ಆಗಲ್ಲ, ಓಡ್ತಿದ್ದ ಪ್ರೋಗ್ರಾಮೇ ಸಾಯುತ್ತೆ. ಅಲ್ಲಿ ಶಿಫ್ಟ್ ಕೂಡ ಸೇರಿಸಬೇಕು.

ಒಂದೇ ಲ್ಯಾಪ್‌ಟಾಪಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಹಾಕಿದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತೆ. ಯಾಕೆ ಗೊತ್ತಾ? ಮದರ್‌ಬೋರ್ಡಿನ ಗಡಿಯಾರದಲ್ಲಿರೋದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತೆ, ಅದು ಯುಟಿಸಿ ಅಂತ ಲಿನಕ್ಸ್ ನಂಬುತ್ತೆ. ನಮ್ಮ ದೇಶದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ. ಇಂಟರ್ನಲ್ಸ್ ದಿನ ಅಲಾರಂ ಇಟ್ಕೊಂಡು ಮಲಗಿದವರು ಮಾತ್ರ ತಪ್ಪು!

ವಿಂಡೋಸ್, ಮ್ಯಾಕ್ ಎರಡರಲ್ಲೂ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಸಾಮಾನ್ಯವಾಗಿ ಒಂದೇ ಲೆಕ್ಕ. ಲಿನಕ್ಸ್‌ಗೆ ಅವು ಬೇರೆ ಬೇರೆ. ಹಾಗಾಗಿ ಹೆಡರ್ ಫೈಲಿನ ಒಂದೇ ಒಂದು ಅಕ್ಷರ ದೊಡ್ಡದಾಗಿದ್ರೆ ರೂಮಲ್ಲಿ ಓಡಿದ ಪ್ರೋಗ್ರಾಂ ಲಿನಕ್ಸ್ ಲ್ಯಾಬಲ್ಲಿ ಓಡಲ್ಲ. ಸಾಲು ಮುಗಿಯೋ ಗುರುತೂ ಹಾಗೇ. ವಿಂಡೋಸ್ ಎರಡು ಗುರುತು ಹಾಕುತ್ತೆ, ಲಿನಕ್ಸ್ ಒಂದು. ವಿಂಡೋಸ್‌ನ ನೋಟ್‌ಪ್ಯಾಡ್ 2018ರವರೆಗೆ ಲಿನಕ್ಸ್ ಗುರುತನ್ನ ಗುರುತಿಸ್ತಾನೇ ಇರಲಿಲ್ಲ. ಇಡೀ ಫೈಲು ಒಂದೇ ಉದ್ದ ಸಾಲಾಗಿ ಕಾಣ್ತಿತ್ತು. ವೈವಾದಲ್ಲಿ "ನಮ್ಮ ಸಿಸ್ಟಮ್‌ನಲ್ಲಿ ಓಡ್ತಿತ್ತು ಮ್ಯಾಮ್" ಅಂದಾಗ ಯಾರೂ ನಂಬಲ್ಲ. ಆದ್ರೆ ಎಷ್ಟೋ ಸಲ ಅದು ನಿಜಾನೇ ಆಗಿರುತ್ತೆ.

ಕನ್ನಡ ಟೈಪ್ ಮಾಡಿ ನೋಡಿ

ನಾವು ಕನ್ನಡ ಸಂಘದವರು, ಹಾಗಾಗಿ ನಮ್ಮದೇ ಒಂದು ಪರೀಕ್ಷೆ ಇದೆ. ಯಾವುದೇ ಓಎಸ್ ಮುಂದೆ ಒಬ್ಬರನ್ನ ಕೂರಿಸಿ, "ಒಂದು ಸಾಲು ಕನ್ನಡ ಟೈಪ್ ಮಾಡಿ" ಅನ್ನಿ. ಎಷ್ಟು ನಿಮಿಷ ಬೇಕು ನೋಡಿ.

ಸೌಲಭ್ಯ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಮೂರರಲ್ಲೂ ಯೂನಿಕೋಡ್ ಕನ್ನಡ ಇದೆ, ಮೂರರಲ್ಲೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತೆ. ವಿಂಡೋಸ್ 10ಕ್ಕೆ 2019ರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯೋ ಫೊನೆಟಿಕ್ ಕೀಬೋರ್ಡೂ ಬಂತು. ನುಡಿಯಲ್ಲಿ ಟೈಪ್ ಮಾಡೋರು ಬಳಸೋ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ ಅನ್ನೋ ಹೆಸರಲ್ಲಿ ಸಿಗುತ್ತೆ. ವಿಂಡೋಸ್‌ನಲ್ಲಿ ಅದು ಬೇಕಂದ್ರೆ ನುಡಿನೋ ಬರಹನೋ ಹಾಕ್ಕೋಬೇಕು.

ಹಾಗಾದ್ರೆ ತೊಂದರೆ ಏನು? ಎಲ್ಲಾ ಇದೆ, ಎಲ್ಲಿದೆ ಅಂತ ಗೊತ್ತಿಲ್ಲ. ಭಾಷೆ ಸೇರಿಸು ಅಂತ ಒಂದು ಕಡೆ, ಕೀಬೋರ್ಡ್ ಸೇರಿಸು ಅಂತ ಇನ್ನೊಂದು ಕಡೆ, ಇನ್‌ಪುಟ್ ಸೋರ್ಸ್ ಅಂತ ಮತ್ತೊಂದು ಕಡೆ. ಸಿಕ್ಕಿದ ಮೇಲೂ ಒತ್ತಕ್ಷರ ಮಾಡೋಕೆ ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀ ಒತ್ತಬೇಕು, ಕಗಪದಲ್ಲಿ ಎಫ್ ಕೀ. ಪರದೆ ಮೇಲೆ ಅದರ ಸುಳಿವೂ ಇರಲ್ಲ. ಇನ್ನು ಹಳೇ ನುಡಿ ಫಾಂಟಲ್ಲಿ ಮಾಡಿದ ಫೈಲನ್ನ ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆಗೆದ್ರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳ ರಾಶಿ.

ಪರಿಣಾಮ ನಮ್ಮ ಕಣ್ಣ ಮುಂದೇನೇ ಇದೆ. ಈ ಪತ್ರಿಕೆಗೆ ಬರೋ ಎಷ್ಟೋ ಬರಹ ಲ್ಯಾಪ್‌ಟಾಪ್ ಪಕ್ಕದಲ್ಲೇ ಇದ್ರೂ ಫೋನಲ್ಲಿ ಹೆಬ್ಬೆರಳಲ್ಲಿ ಟೈಪ್ ಆಗಿರುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥೋರಿಗೆ ಕನ್ನಡ ಬರೆಯೋಕೇ ಮೊದಲೇ ಅಳುಕು. ಅದರ ಮೇಲೆ ಅರ್ಧ ಗಂಟೆ ಕೀಬೋರ್ಡ್ ಹುಡುಕಬೇಕು ಅಂದ್ರೆ "ಇಂಗ್ಲಿಷಲ್ಲೇ ಬರೆದುಬಿಡೋಣ" ಅಂತಾರೆ. ಅವರಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲ ಅಂತ ನಾವು ನವೆಂಬರ್‌ನಲ್ಲಿ ಭಾಷಣ ಮಾಡ್ತೀವಿ. ಪ್ರೀತಿ ಇತ್ತು ಸ್ವಾಮಿ, ಸೆಟ್ಟಿಂಗ್ ಸಿಗಲಿಲ್ಲ.

"ಎಂಜಿನಿಯರಿಂಗ್ ಓದ್ತಿದ್ದೀರಲ್ಲ, ಕಲೀರಿ"

ಇದನ್ನೆಲ್ಲ ಹೇಳಿದ್ರೆ ಬರೋ ಉತ್ತರ ಇದು. ಕಲಿಯೋಕೆ ನಮ್ಮ ವಿರೋಧ ಇಲ್ಲ. ಓಎಸ್ ಪೇಪರ್‌ನಲ್ಲಿ ಶೆಡ್ಯೂಲಿಂಗ್ ಕಲಿಯೋಣ, ಪೇಜಿಂಗ್ ಕಲಿಯೋಣ, ಡೆಡ್‌ಲಾಕ್ ಕಲಿಯೋಣ. ಅವು ಹತ್ತು ವರ್ಷ ಆದ್ಮೇಲೂ ಉಪಯೋಗಕ್ಕೆ ಬರ್ತವೆ. ಬಟನ್ ಎಡದಿಂದ ಮಧ್ಯಕ್ಕೆ ಹೋಗಿದೆ ಅಂತ ತಿಳ್ಕೊಳ್ಳೋದು ಯಾವ ವಿದ್ಯೆ? ಮುಂದಿನ ಆವೃತ್ತಿಗೆ ಅದೂ ಬದಲಾಗುತ್ತೆ.

ಡೊನಾಲ್ಡ್ ನಾರ್ಮನ್ ಅನ್ನೋ ಮನಶ್ಶಾಸ್ತ್ರದ ಪ್ರಾಧ್ಯಾಪಕರು 1988ರಲ್ಲಿ ದಿನಬಳಕೆ ವಸ್ತುಗಳ ವಿನ್ಯಾಸದ ಬಗ್ಗೆ ಒಂದು ಪುಸ್ತಕ ಬರೆದ್ರು. ಮುಂದೆ ಅವರು ಆ್ಯಪಲ್‌ನಲ್ಲೂ ಕೆಲಸ ಮಾಡಿದ್ರು. ತಳ್ಳಬೇಕಾ ಎಳೀಬೇಕಾ ಅಂತ ಗೊತ್ತಾಗದ ಬಾಗಿಲಿಗೆ ಇವತ್ತಿಗೂ "ನಾರ್ಮನ್ ಬಾಗಿಲು" ಅಂತ ಹೆಸರು. ಆ ಬಾಗಿಲ ಮುಂದೆ ತಡವರಿಸಿದವರು ತಮ್ಮನ್ನೇ ಬೈಕೊಳ್ತಾರೆ, ತಪ್ಪು ಇರೋದು ಬಾಗಿಲಲ್ಲಿ ಅನ್ನೋದು ಅವರ ವಾದದ ತಿರುಳು. ಬಾಗಿಲು ಮಾಡಿದ ಬಡಗಿಗಂತೂ ಅದು ಹೇಗೆ ತೆರೆಯುತ್ತೆ ಅಂತ ಗೊತ್ತಿರುತ್ತೆ. ನಾಳೆ ಆ ಬಡಗಿಗಳು ನಾವೇ. ಇವತ್ತು ಲ್ಯಾಬಲ್ಲಿ ಜೂನಿಯರ್‌ಗೆ "ಏನಪ್ಪಾ, ಇಷ್ಟೂ ಬರಲ್ವಾ?" ಅಂತ ನಗೋರು ನಾಳೆ ಬ್ಯಾಂಕಿನ ಆ್ಯಪ್ ಮಾಡುವಾಗ, ಅದರ ಮುಂದೆ ತಡವರಿಸೋ ನಮ್ಮ ಅಜ್ಜಿಗೂ ಅದನ್ನೇ ಹೇಳ್ತಾರೆ.

ಹಾಗಾಗಿ ಮೂರು ಕೆಲಸ ಮಾಡೋಣ ಅಂತ ನಮ್ಮ ಸಲಹೆ. ಒಂದು, ಜೂನಿಯರ್ ಬಂದು "ಯಾವ ಓಎಸ್ ಹಾಕ್ಕೊಳ್ಲಿ?" ಅಂತ ಕೇಳಿದ್ರೆ ನಮ್ಮ ಪಕ್ಷದ ಬಾವುಟ ಹಾರಿಸೋದು ಬಿಟ್ಟು "ನಿಮ್ಮ ಮಷೀನ್ ಯಾವುದು, ಏನು ಕೆಲಸ ಮಾಡ್ಬೇಕು?" ಅಂತ ಕೇಳೋಣ. ಎರಡು, ಕಾಲೇಜಿನ ಲಿನಕ್ಸ್ ಇನ್‌ಸ್ಟಾಲ್ ಶಿಬಿರಗಳಲ್ಲಿ ಓಎಸ್ ಹಾಕಿಕೊಟ್ಟು ಕೈ ತೊಳ್ಕೊಳ್ಳೋದು ಬೇಡ. ವೈಫೈ, ಪ್ರೊಜೆಕ್ಟರ್, ಗಡಿಯಾರ, ಕನ್ನಡ ಕೀಬೋರ್ಡ್ ನಾಲ್ಕೂ ಕೆಲಸ ಮಾಡಿದ ಮೇಲೇ ಲ್ಯಾಪ್‌ಟಾಪ್ ವಾಪಸ್ ಕೊಡೋಣ. ಮೂರು, ನಮ್ಮ ಮಿನಿ ಪ್ರಾಜೆಕ್ಟ್ ಸಬ್ಮಿಟ್ ಮಾಡೋಕೆ ಮುಂಚೆ ಅದನ್ನ ಸಿವಿಲ್‌ನವರಿಗೋ ಮೆಕ್ಯಾನಿಕಲ್‌ನವರಿಗೋ ಕೊಟ್ಟು, ನಾವು ಬಾಯಿ ಮುಚ್ಕೊಂಡು ಹತ್ತು ನಿಮಿಷ ನೋಡೋಣ. ಅವರು ಎಲ್ಲಿ ನಿಂತರೋ ಅಲ್ಲಿ ನಮ್ಮ ನೆಲ ಡೊಂಕಿದೆ.

ಎರಡನೇ ಕೆಲಸಕ್ಕೆ ಕನ್ನಡ ಸಂಘದಿಂದ ನಾವು ತಯಾರಿದ್ದೀವಿ. ಮೂರೂ ಓಎಸ್‌ನಲ್ಲಿ ಕನ್ನಡ ಕೀಬೋರ್ಡ್ ಹಾಕ್ಕೊಳ್ಳೋದು ಹೇಗೆ ಅಂತ ಒಂದೇ ಪುಟದಲ್ಲಿ, ಚಿತ್ರ ಸಮೇತ ಬರೆದು ಲ್ಯಾಬಿನ ಗೋಡೆಗೆ ಅಂಟಿಸೋಣ ಅಂತಿದ್ದೀವಿ. ಮ್ಯಾಕ್ ಇಟ್ಕೊಂಡಿರೋರು ಯಾರಾದ್ರೂ ಸ್ಕ್ರೀನ್‌ಶಾಟ್ ಕಳಿಸಿಕೊಟ್ರೆ ಉಪಕಾರ ಆಗುತ್ತೆ. ನಮ್ಮ ತಂಡದಲ್ಲಿ ಯಾರ ಹತ್ರಾನೂ ಮ್ಯಾಕ್ ಇಲ್ಲ.